ಒಂದು ವರ್ಷ ಬಿಎಸ್ಸಿ, ಮೂರು ವರ್ಷ ಎಂಎಲ್‌ಟಿ: ಎರಡೂ ಕಡೆ ಕೂತು ನೋಡಿದ್ದು

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕೊರಟಗೆರೆ ಕಡೆಯ ನೆಂಟರು, ನೆಂಟರ ನೆಂಟರು, ಅಪ್ಪ ಹಾಲು ಹಾಕುವ ಡೇರಿಯವರು. ಎಲ್ಲರದೂ ಒಂದೇ ಪ್ರಶ್ನೆ. ‘ನಮ್ಮ ಹುಡುಗಿಗೆ ನೀಟ್‌ನಲ್ಲಿ ಆಗಲಿಲ್ಲಮ್ಮ. ಕಾಯಿಲೆ, ಕ್ರಿಮಿ ಅಂದ್ರೆ ಅವಳಿಗೆ ಆಸೆ. ಬಿಎಸ್ಸಿ ಮೈಕ್ರೋಬಯಾಲಜಿಗೆ ಹಾಕೋದಾ, ಎಂಎಲ್‌ಟಿಗೆ ಹಾಕೋದಾ? ಎರಡೂ ಒಂದೇ ಅಲ್ವಾ?’

ಒಂದೇ ಅಲ್ಲ. ಮೈಕ್ರೋಬಯಾಲಜಿ ಅಂದರೆ ಕಣ್ಣಿಗೆ ಕಾಣದ ಕ್ರಿಮಿಗಳ ಓದು. ಎಂಎಲ್‌ಟಿ ಅಂದರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ರೋಗಿಗಳ ಸ್ಯಾಂಪಲ್ ಪರೀಕ್ಷೆ ಮಾಡುವ ಓದು. ನಾನು ಎರಡರಲ್ಲೂ ಕೂತು ಬಂದಿದ್ದೇನೆ. ಜಾಣತನದಿಂದಲ್ಲ, ಗೊತ್ತಿಲ್ಲದೆ. ತುಮಕೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ, ಬಾಟನಿ, ಮೈಕ್ರೋಬಯಾಲಜಿ ತೆಗೆದುಕೊಂಡು ಒಂದು ವರ್ಷ ಓದಿದೆ. ರೋಗ ತರುವ ಕ್ರಿಮಿಗಳ ಪಾಠ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆ. ಒಂದು ದಿನ ಸಿಲಬಸ್ ತಿರುವಿ ನೋಡಿದರೆ ಅದು ಕೊನೆಯ ವರ್ಷದ ಒಂದು ಪೇಪರು. ಅಷ್ಟೇ. ವರ್ಷ ಮುಗಿಸಿ ಬಿಟ್ಟೆ. ಬೆಂಗಳೂರು ದಾಟಿ ಕೋಲಾರದ ಕಡೆ, ಆಸ್ಪತ್ರೆ ಆವರಣದಲ್ಲೇ ಇದ್ದ ಒಂದು ಕಾಲೇಜಿಗೆ ಎಂಎಲ್‌ಟಿ ಸೇರಿದೆ. ಅಪ್ಪ ಒಂದು ವಾರ ಮಾತಾಡಲಿಲ್ಲ.

ಮೊದಲು ಬಿಎಸ್ಸಿ. ಬಿಟ್ಟು ಬಂದದ್ದಕ್ಕೆ ಅದನ್ನು ಬೈಯುತ್ತೇನೆ ಅಂದುಕೊಳ್ಳಬೇಡಿ. ಅಲ್ಲಿ ನಮಗೆ ಸಮಯ ಇತ್ತು. ವಾರಕ್ಕೊಂದು ಪ್ರಾಕ್ಟಿಕಲ್. ಕೆಟ್ಟರೆ ಇನ್ನೊಂದು ಸಲ ಮಾಡು ಎನ್ನುತ್ತಿದ್ದರು. ಮೊದಲ ದಿನ ಸರ್ ಅಗರ್ ಪುಡಿ ತೋರಿಸಿ ‘ಇದೇನು ಗೊತ್ತಾ? ನಿಮ್ಮಮ್ಮ ಹಲ್ವಕ್ಕೆ ಹಾಕುವ ಚೈನಾ ಗ್ರಾಸ್’ ಎಂದರು. 1880ರ ಆಸುಪಾಸು ಜರ್ಮನಿಯ ವಿಜ್ಞಾನಿ ರಾಬರ್ಟ್ ಕೋಖ್ ಲ್ಯಾಬಿನವರು ಬ್ಯಾಕ್ಟೀರಿಯಾ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದರು. ಅದು ಬಿಸಿಗೆ ಕರಗಿ ಹೋಗುತ್ತಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ವಾಲ್ಥರ್ ಹೆಸ್ಸೆಯ ಹೆಂಡತಿ ಫ್ಯಾನಿ ‘ಅಗರ್ ಹಾಕಿ ನೋಡಿ’ ಎಂದು ಹೇಳಿಕೊಟ್ಟರಂತೆ. ಅಡುಗೆಮನೆಯಿಂದ ಬಂದ ವಸ್ತು. ಇಂಥ ಕಥೆಗಳಿಗೆ ಆ ಲ್ಯಾಬಿನಲ್ಲಿ ಜಾಗ ಇತ್ತು. ಆಮೇಲೆ ಎಂಎಲ್‌ಟಿಯಲ್ಲಿ ಅಗರ್ ಅಂದರೆ ಡಬ್ಬದ ಮೇಲೆ ಬರೆದ ಗ್ರಾಂ ಲೆಕ್ಕ. ಕುಕ್ಕರಿನಂಥ ಆಟೋಕ್ಲೇವ್‌ನಲ್ಲಿ 121 ಡಿಗ್ರಿ, 15 ನಿಮಿಷ, ಮುಗೀತು.

ಬಿಎಸ್ಸಿಯಲ್ಲಿ ನಾನು ಮರೆಯದ ದಿನ ಹಾಲಿನದು. ಮೆಥಿಲೀನ್ ಬ್ಲೂ ಪರೀಕ್ಷೆ. 10 ಮಿಲಿ ಹಾಲಿಗೆ 1 ಮಿಲಿ ನೀಲಿ ಬಣ್ಣ, 37 ಡಿಗ್ರಿ ನೀರಿನಲ್ಲಿ ಇಡುವುದು. ಹಾಲಿನಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ಬೇಗ ನೀಲಿ ಹೋಗಿ ಬೆಳ್ಳಗಾಗುತ್ತದೆ. ಒಳ್ಳೆಯ ಹಾಲು ಐದು ಗಂಟೆ ದಾಟಿದರೂ ನೀಲಿಯಾಗಿಯೇ ಇರುತ್ತದೆ. ಅರ್ಧ ಗಂಟೆಯೊಳಗೆ ಬಿಳುಚಿದರೆ ಹಾಲು ಕೆಟ್ಟದ್ದು. ಅವರವರ ಮನೆ ಹಾಲು ತನ್ನಿ ಎಂದಿದ್ದರು. ನಾನು ಜಂಬದಿಂದ ನಮ್ಮ ಹಸುವಿನ ಹಾಲು ತಂದೆ. ಬಸ್ಸಿನಲ್ಲಿ ಒಂದು ಗಂಟೆ. ಹಾಸ್ಟೆಲ್ ಹುಡುಗಿ ಪ್ಯಾಕೆಟ್ ಹಾಲು ತಂದಿದ್ದಳು. ಮೊದಲು ಬಿಳುಚಿದ್ದು ನಮ್ಮದೇ.

ಕ್ಲಾಸೆಲ್ಲ ನಕ್ಕಿತು. ನಾನು ಮನೆಗೆ ಹೋಗಿ ಹುಡುಕಿದೆ. ಕೆಚ್ಚಲಾ? ಕೈಯಾ? ನೀರಾ? ಮೂರು ದಿನ ಬೇರೆ ಬೇರೆ ಬಾಟಲಿಯಲ್ಲಿ ಹಾಲು ತಂದು ಸರ್ ಹತ್ತಿರ ಬೇಡಿಕೊಂಡು ಪರೀಕ್ಷೆ ಮಾಡಿದೆ. ಕೆಚ್ಚಲಿನಿಂದ ನೇರ ಬಾಟಲಿಗೆ ಕರೆದ ಹಾಲು ಸಂಜೆಯವರೆಗೂ ನೀಲಿ. ಕ್ಯಾನಿಗೆ ಹಾಕಿ ತೆಗೆದ ಹಾಲು ಬೇಗ ಬಿಳಿ. ಕೊನೆಗೆ ಕ್ಯಾನ್ ಮುಚ್ಚಳದ ರಬ್ಬರ್ ವಾಷರ್ ಬಿಚ್ಚಿದರೆ ಅದರ ಕೆಳಗೆ ಹಳದಿ ಗಸಿ, ಬೆರಳಿಗೆ ಜಿಡ್ಡುಜಿಡ್ಡು. ಅಮ್ಮ ದಿನಾ ಕ್ಯಾನ್ ತಿಕ್ಕುತ್ತಿದ್ದಳು. ವಾಷರ್ ಬಿಚ್ಚಬೇಕು ಎಂದು ಯಾರೂ ಹೇಳಿರಲಿಲ್ಲ. ಮೂರು ದಿನ ಒಂದು ರಬ್ಬರ್ ಉಂಗುರದ ಹಿಂದೆ ಬೀಳಲು ಬಿಟ್ಟ ಕೋರ್ಸು ಅದು. ಎಂಎಲ್‌ಟಿಯಲ್ಲಿ ಈ ಸುಖ ಸಿಗಲಿಲ್ಲ. ಸಿಗುವುದೂ ಇಲ್ಲ.

ಈಗ ಎಂಎಲ್‌ಟಿ. ಮೊದಲ ಆಶ್ಚರ್ಯ ಏನೆಂದರೆ, ಇದು ಮೈಕ್ರೋಬಯಾಲಜಿ ಡಿಗ್ರಿಯೇ ಅಲ್ಲ. ಬಯೋಕೆಮಿಸ್ಟ್ರಿ ಒಂದು ಪಾಲು, ಪೆಥಾಲಜಿ ಒಂದು ಪಾಲು, ಮೈಕ್ರೋಬಯಾಲಜಿ ಒಂದು ಪಾಲು. ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ ಬೇರೆ. ಶುಗರ್, ಕ್ರಿಯಾಟಿನಿನ್, ರಕ್ತದ ಗುಂಪು, ಬಯಾಪ್ಸಿ ತುಂಡಿಗೆ ಮೇಣ ಹಾಕುವುದು, ಎಲ್ಲವನ್ನೂ ಕಲಿಯಬೇಕು. ಕ್ರಿಮಿ ಮಾತ್ರ ಬೇಕು ಎನ್ನುವವರಿಗೆ ಮೂರನೇ ಎರಡು ಭಾಗ ಬೇರೆಯವರ ಮನೆ ಊಟ.

ಆದರೆ ಆ ಉಳಿದ ಮೂರನೇ ಒಂದು ಭಾಗ ಇದೆಯಲ್ಲ, ಅದು ನಿಜವಾದದ್ದು. ತುಮಕೂರಿನಲ್ಲಿ ನಾವು ನೋಡುತ್ತಿದ್ದದ್ದು ಮಣ್ಣು, ಮೊಸರು, ಕೆರೆ ನೀರು. ಅದಿಲ್ಲದಿದ್ದರೆ ಸರ್ ಫ್ರಿಜ್‌ನಲ್ಲಿ ಇಟ್ಟುಕೊಂಡಿದ್ದ ಹೆಸರು ಗೊತ್ತಿರುವ ಕಲ್ಚರ್, ಅಂದರೆ ಬೆಳೆಸಿಟ್ಟ ಕ್ರಿಮಿ. ಉತ್ತರ ಮೊದಲೇ ಗೊತ್ತು. ಕೋಲಾರದಲ್ಲಿ ಟ್ಯೂಬಿನ ಮೇಲೆ ಒಂದು ಹೆಸರು, ವಯಸ್ಸು, ವಾರ್ಡ್ ನಂಬರ್ ಇರುತ್ತಿತ್ತು. ಉತ್ತರ ಯಾರಿಗೂ ಗೊತ್ತಿಲ್ಲ.

ಒಂದೇ ಕೆಲಸ ಎರಡು ಕಡೆ ಹೇಗೆ ಬೇರೆಯಾಗುತ್ತದೆ ನೋಡಿ. ಗ್ರಾಂ ಸ್ಟೇನ್. ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆ, ಗುಲಾಬಿ ಎಂದು ಎರಡು ಗುಂಪು ಮಾಡುವ, 1884ರಿಂದ ಇರುವ ವಿಧಾನ. ನೇರಳೆ ಬಣ್ಣ, ಅಯೋಡಿನ್, ಆಮೇಲೆ ಅಸಿಟೋನ್ ಹಾಕಿ ತೊಳೆಯುವುದು, ಕೊನೆಗೆ ಕೆಂಪು. ಅಸಿಟೋನ್ ಕ್ಷಣ ಜಾಸ್ತಿಯಾದರೂ ನೇರಳೆ ಉಳಿಯಬೇಕಾದ್ದು ತೊಳೆದು ಹೋಗಿ ಗುಲಾಬಿಯಾಗಿ ಕಾಣುತ್ತದೆ. ತುಮಕೂರಿನಲ್ಲಿ ನಾನು ಹೀಗೆ ಕೆಡಿಸಿದಾಗ ಸರ್ ‘ಪರವಾಗಿಲ್ಲ, ಇನ್ನೊಂದು ಸ್ಲೈಡ್ ಮಾಡಮ್ಮ’ ಎಂದರು. ಕೋಲಾರದಲ್ಲಿ ಕೀವಿನ ಸ್ಲೈಡ್ ಕೆಡಿಸಿದೆ. ಸೀನಿಯರ್ ಅಕ್ಕ ಮೈಕ್ರೋಸ್ಕೋಪಿನಿಂದ ತಲೆ ಎತ್ತದೆ ಕೇಳಿದ್ದು ಒಂದೇ ಮಾತು. ‘ಕಂಟ್ರೋಲ್ ಎಲ್ಲಿ?’ ನೇರಳೆ ಎಂದು ಗೊತ್ತಿರುವ ಒಂದು, ಗುಲಾಬಿ ಎಂದು ಗೊತ್ತಿರುವ ಇನ್ನೊಂದು, ಎರಡನ್ನೂ ಜೊತೆಗೆ ಸ್ಟೇನ್ ಮಾಡಿ ನೋಡಿದ ಮೇಲೆಯೇ ರೋಗಿಯ ಸ್ಲೈಡನ್ನು ನಂಬಬೇಕು. ಬಿಎಸ್ಸಿಯಲ್ಲಿ ಅದನ್ನು ಓದಿದ್ದೆ. ಮಾಡಿರಲಿಲ್ಲ.

ಇನ್ನೊಂದು ಮೂತ್ರದ ಕಲ್ಚರ್ ಕಥೆ. ಇದು ನನ್ನದೇ ತಪ್ಪು. ವಾರ್ಡಿನಿಂದ ಒಂದು ಸ್ಯಾಂಪಲ್ ಬಂತು. ಫಾರಂನಲ್ಲಿ ತೆಗೆದ ಸಮಯ 9.45. ನಾನು ರ‍್ಯಾಕಿನಲ್ಲಿಟ್ಟು ಸೆಮಿನಾರಿಗೆ ಹೋದೆ, ಊಟಕ್ಕೂ ಹೋದೆ. ಬಂದು ಅಗರ್ ಪ್ಲೇಟಿಗೆ ಹಾಕಿದಾಗ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ನಾವು ಬಳಸುವ ಲೂಪ್ ಎಂಬ ಸಣ್ಣ ಉಂಗುರದ ಕಡ್ಡಿಯಲ್ಲಿ ಹಿಡಿಯುವುದು 1 ಮಿಲಿಯ ಸಾವಿರದಲ್ಲೊಂದು ಭಾಗ. ಪ್ಲೇಟಿನಲ್ಲಿ 100 ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕಿ) ಬಂದರೆ ಮೂತ್ರದ ಒಂದು ಮಿಲಿಯಲ್ಲಿ ಒಂದು ಲಕ್ಷ ಎಂದರ್ಥ. ಸಾಮಾನ್ಯವಾಗಿ ಅದನ್ನೇ ಸೋಂಕಿನ ಗಡಿ ಎಂದು ಹಿಡಿಯುವುದು. ಮಾರನೇ ಬೆಳಿಗ್ಗೆ ನನ್ನ ಪ್ಲೇಟಿನಲ್ಲಿ ಹಳದಿ ಕಾಲೊನಿ ಎಣಿಸಲಾರದಷ್ಟು. ಖುಷಿಯಿಂದ ಮೇಡಂಗೆ ತೋರಿಸಿದೆ. ಅವರು ಪ್ಲೇಟ್ ನೋಡಲಿಲ್ಲ, ಫಾರಂ ನೋಡಿದರು.

‘ಇದು ಪೇಷೆಂಟ್ ಒಳಗೆ ಬೆಳೆದಿದ್ದಾ, ನಿನ್ನ ರ‍್ಯಾಕಿನಲ್ಲಿ ಬೆಳೆದಿದ್ದಾ?’

ಎರಡು ಗಂಟೆಯೊಳಗೆ ಹಾಕಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಅನುಕೂಲ ಸಿಕ್ಕರೆ ಈ ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. ಕ್ಯಾನಿನ ಹಾಲಿನಲ್ಲಿ ಕಂಡದ್ದೇ, ಬೇರೆ ಟ್ಯೂಬಿನಲ್ಲಿ. ಅದು ನನಗೆ ಹೊಳೆಯಲೇ ಇಲ್ಲ. ಮತ್ತೆ ಸ್ಯಾಂಪಲ್ ಕೇಳಲು ನನ್ನನ್ನೇ ಕಳಿಸಿದರು. ಮುಳಬಾಗಿಲು ಕಡೆಯ ಅಜ್ಜಿ. ‘ನಿನ್ನೇನೇ ಕೊಟ್ಟೆನಲ್ಲಮ್ಮ, ಕಳೆದು ಹಾಕಿಬಿಟ್ರಾ?’ ಎಂದರು. ಕಳೆದಿದ್ದರೆ ವಾಸಿಯಿತ್ತು. ಎರಡನೇ ಸ್ಯಾಂಪಲ್ ನಿಂತಲ್ಲೇ ಹಾಕಿದೆ. ಪ್ಲೇಟಿನಲ್ಲಿ ನಾಲ್ಕೈದು ಕಾಲೊನಿ, ಅಷ್ಟೇ. ಮೊದಲನೇ ರಿಪೋರ್ಟ್ ಹೋಗಿದ್ದರೆ ಅಜ್ಜಿಗೆ ಸುಮ್ನೆ ಆಂಟಿಬಯೋಟಿಕ್ ಶುರುವಾಗುತ್ತಿತ್ತು.

ಕೋಲಾರಕ್ಕೆ ಹೋಗುವವರಿಗೆ ಇನ್ನೊಂದು ಮಾತು, ಇದನ್ನು ಯಾವ ಪ್ರಾಸ್ಪೆಕ್ಟಸ್ಸೂ ಹೇಳುವುದಿಲ್ಲ. ಸ್ವಲ್ಪ ತೆಲುಗು ಬೇಕು. ಟಿಬಿ ಪರೀಕ್ಷೆಗೆ ಕಫ ಬೇಕು, ಎಂಜಲಲ್ಲ. ಆಳವಾಗಿ ಕೆಮ್ಮಿ ತೆಗೆದದ್ದು. ಎಂಜಲು ತುಂಬಿದ ಡಬ್ಬ ಬಂದರೆ ಮೈಕ್ರೋಸ್ಕೋಪಿನ ಕೆಳಗೆ ನೂರು ಫೀಲ್ಡ್ ನೋಡಿ ‘ಇಲ್ಲ’ ಎಂದು ಬರೆದರೂ ಆ ‘ಇಲ್ಲ’ಕ್ಕೆ ಬೆಲೆಯಿಲ್ಲ. ‘ಉಮ್ಮಿ ಕಾದು, ಗಳ್ಳ’ ಎನ್ನುವ ಮೂರು ತೆಲುಗು ಪದ ಕಲಿತ ಮೇಲೆ ನನ್ನ ಸ್ಯಾಂಪಲ್‌ಗಳು ಸುಧಾರಿಸಿದವು. ಉಗುಳು ಅಲ್ಲ, ಕಫ ಎಂದು. ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ.

ಎಂಎಲ್‌ಟಿಯ ಕೊರತೆಯನ್ನೂ ಹೇಳಿಬಿಡುತ್ತೇನೆ. ‘ಯಾಕೆ’ ಎಂದು ಕೇಳಲು ಅಲ್ಲಿ ಪುರುಸೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸ್, ನಡುವೆ ಓಪಿಯಿಂದ ಬರುವ ಟ್ಯೂಬುಗಳ ಸಾಲು. ಪ್ಲೇಟಿನಲ್ಲಿಟ್ಟ ಆಂಟಿಬಯೋಟಿಕ್ ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಖಾಲಿ ವೃತ್ತವನ್ನು ಸ್ಕೇಲಿಟ್ಟು ಮಿಲಿಮೀಟರಿನಲ್ಲಿ ಅಳೆದು, ಗೋಡೆಗೆ ಅಂಟಿಸಿದ ಪಟ್ಟಿ ನೋಡಿ ‘ಕೆಲಸ ಮಾಡುತ್ತದೆ’, ‘ಮಾಡುವುದಿಲ್ಲ’ ಎಂದು ಬರೆಯುವುದನ್ನು ಎರಡು ದಿನದಲ್ಲಿ ಕಲಿಸಿದರು. ಬ್ಯಾಕ್ಟೀರಿಯಾ ಹೇಗೆ ಔಷಧಿಗೆ ಬಗ್ಗದ ಹಾಗಾಗುತ್ತದೆ ಎಂದು ಕೇಳಿದರೆ ‘ಅದೆಲ್ಲ ಪಿಜಿಯಲ್ಲಿ’ ಎನ್ನುವ ಉತ್ತರ. ಜೆನೆಟಿಕ್ಸ್ ವಿಷಯದಲ್ಲಿ ಬಿಎಸ್ಸಿ ಮುಗಿಸಿದ ನನ್ನ ತುಮಕೂರಿನ ಗೆಳತಿ ಇವತ್ತಿಗೂ ನನಗಿಂತ ಎಷ್ಟೋ ಮುಂದೆ. ಮತ್ತೆ, ಎಷ್ಟೇ ಚೆನ್ನಾಗಿ ಪ್ಲೇಟ್ ಓದಿದರೂ ನಮ್ಮಲ್ಲಿ ರಿಪೋರ್ಟಿಗೆ ಸಹಿ ಹಾಕುವುದು ಎಂಡಿ ಮಾಡಿದ ಡಾಕ್ಟರ್. ನಮ್ಮದು ರಿಜಿಸ್ಟರಿನಲ್ಲಿ ಇನಿಷಿಯಲ್. ಇದು ಚುಚ್ಚುವವರಿಗೆ ಚುಚ್ಚುತ್ತದೆ.

ಎರಡು ಓದೂ ಒಟ್ಟಿಗೆ ಉಪಯೋಗಕ್ಕೆ ಬಂದದ್ದು ಇಂಟರ್ನ್‌ಶಿಪ್‌ನಲ್ಲಿ, ಒಂದೇ ಸಲ. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಸೊಂಟ ನೋವು ಎಂದು ಒಬ್ಬರ ರಕ್ತ ಬಂತು. ಟೈಫಾಯ್ಡ್‌ಗೆ ಮಾಡುವ ವಿಡಾಲ್ ಪರೀಕ್ಷೆ ನೆಗೆಟಿವ್. ಮತ್ತೆ ರಕ್ತ ತೆಗೆಯುವಾಗ ಸುಮ್ನೆ ಮಾತಿಗೆ ‘ಮನೇಲಿ ಹಸು ಇದಾವಾ ಅಣ್ಣ?’ ಎಂದೆ. ನಾಲ್ಕಿವೆ, ಒಂದಕ್ಕೆ ಗರ್ಭ ಇಳಿದು ಕಂದು ಹಾಕಿತ್ತು, ಮಾಸನ್ನು ತಾವೇ ಕೈಯಲ್ಲಿ ಎಳೆದು ಹಾಕಿದ್ದು ಎಂದರು. ಕೈಗವಸು? ನಕ್ಕರು. ನಾನು ಓಡಿ ಹೋಗಿ ಮೇಡಂಗೆ ಹೇಳಿದೆ. ದನಗಳಿಂದ ಮನುಷ್ಯರಿಗೆ ಅಂಟುವ ಬ್ರುಸೆಲ್ಲಾ ಬ್ಯಾಕ್ಟೀರಿಯಾ ಇರಬಹುದು ಎಂದು ಆ ಪರೀಕ್ಷೆಯನ್ನೂ ಸೇರಿಸಿದರು. ಪಾಸಿಟಿವ್ ಬಂತು. ಹಾಲು ಕರೆಯುವ ಮನೆಯಿಂದ ಬಂದವಳು, ಹಾಲಿನ ಹಿಂದೆ ಮೂರು ದಿನ ಬಿದ್ದವಳು, ಅದಕ್ಕೇ ಬಾಯಿಗೆ ಆ ಪ್ರಶ್ನೆ ಬಂತು. ಆಮೇಲೆ ಮೇಡಂ ಬೈದದ್ದೂ ಇದೆ. ಆ ರೋಗಿಯ ಕಲ್ಚರ್ ಬಾಟಲಿಯನ್ನು ಸುರಕ್ಷತಾ ಕ್ಯಾಬಿನೆಟ್ಟಿನ ಹೊರಗೆ ತೆರೆಯಲು ಹೊರಟಿದ್ದೆ. ಬ್ರುಸೆಲ್ಲಾ ಲ್ಯಾಬಿನವರಿಗೇ ಗಾಳಿಯಲ್ಲಿ ಅಂಟುವ ಕ್ರಿಮಿ.

ದುಡ್ಡಿನ ಲೆಕ್ಕ ಸಣ್ಣದು. ಬಿಎಸ್ಸಿ ವರ್ಷದ ಫೀಸು ಅಪ್ಪನ ಹಾಲಿನ ಬಟವಾಡೆಯಲ್ಲೇ ಮುಗಿಯಿತು. ಎಂಎಲ್‌ಟಿಗೆ ಒಂದು ಹಸು ಮಾರಿದರು, ಹಾಸ್ಟೆಲ್ ಖರ್ಚು ಬೇರೆ. ಆದರೆ ಇಂಟರ್ನ್‌ಶಿಪ್ ಮುಗಿದ ತಿಂಗಳೇ ನನಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು. ಗೆಳತಿಗೆ ಬಿಎಸ್ಸಿ ಆದಮೇಲೆ ಎಂಎಸ್ಸಿ ಮಾಡದೆ ಆಸ್ಪತ್ರೆ ಲ್ಯಾಬಿನ ಬಾಗಿಲು ತೆರೆಯಲಿಲ್ಲ. ಅವಳು ಈಗ ವಸಂತನರಸಾಪುರದ ಕಡೆ ಒಂದು ಆಹಾರ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾಳೆ. ನನಗಿಂತ ಜಾಸ್ತಿ ಸಂಬಳ, ರಾತ್ರಿ ಡ್ಯೂಟಿ ಇಲ್ಲ. ಯಾರು ಗೆದ್ದರು ಎಂದು ನಾವಿಬ್ಬರೂ ತಟ್ಟೆ ಇಡ್ಲಿ ಮುಂದೆ ಕೂತು ಆಗಾಗ ಜಗಳವಾಡುತ್ತೇವೆ.

ನನ್ನನ್ನು ಕೇಳಿದರೆ, ರೋಗಿಯ ಸ್ಯಾಂಪಲ್ ಮೇಲೆ ಕೆಲಸ ಮಾಡಬೇಕು ಎನ್ನುವವರು ಎಂಎಲ್‌ಟಿಗೇ ಹೋಗಲಿ. ಕ್ರಿಮಿಯ ಮೇಲೇ ಆಸೆ, ಬಿಎಸ್ಸಿ, ಎಂಎಸ್ಸಿ ಎಂದು ಇನ್ನೂ ಐದು ವರ್ಷ ಓದುವ ತಾಳ್ಮೆ ಇದೆ, ಮನೆಯಲ್ಲಿ ಬೇಗ ದುಡಿ ಎನ್ನುವ ಒತ್ತಡ ಇಲ್ಲ ಎನ್ನುವವರಿಗೆ ಬಿಎಸ್ಸಿ. ಆದರೆ ಎಂಎಲ್‌ಟಿಗೆ ಒಂದು ಷರತ್ತು. ಎಲ್ಲ ಕಾಲೇಜಿನ ಆಸ್ಪತ್ರೆಯಲ್ಲೂ ಕಲ್ಚರ್ ಕೆಲಸ ನಡೆಯುವುದಿಲ್ಲ. ಕೆಲವು ಕಡೆ ಕಾರ್ಡ್ ಟೆಸ್ಟ್ ಮಾಡಿ ಉಳಿದದ್ದನ್ನು ಬೆಂಗಳೂರಿಗೆ ಕಳಿಸುತ್ತಾರೆ. ಅಲ್ಲಿ ಸೇರಿದರೆ ಮೈಕ್ರೋಬಯಾಲಜಿ ಪುಸ್ತಕದಲ್ಲೇ ಉಳಿಯುತ್ತದೆ. ಹಾಗಾಗಿ ಫೀಸು ಕಟ್ಟುವ ಮುಂಚೆ ಕೆಲಸದ ದಿನ ಹನ್ನೊಂದು ಗಂಟೆಗೆ ಹೋಗಿ ‘ಲ್ಯಾಬ್ ನೋಡಬಹುದಾ ಮೇಡಂ’ ಎಂದು ಕೇಳಿ. ಪ್ಲೇಟುಗಳನ್ನು ಬೆಚ್ಚಗಿಟ್ಟು ಕ್ರಿಮಿ ಬೆಳೆಸುವ ಪೆಟ್ಟಿಗೆ, ಇನ್‌ಕ್ಯುಬೇಟರ್, ಅದರ ಬಾಗಿಲು ತೆರೆಸಿ. ಒಳಗೆ ಇವತ್ತಿನ ತಾರೀಖು ಬರೆದ ಪ್ಲೇಟುಗಳು ಇರಬೇಕು.

ಹೋದ ವರ್ಷ ಚಿಕ್ಕಪ್ಪನ ಮಗಳಿಗೂ ಇದನ್ನೇ ಹೇಳಿ ಕಳಿಸಿದ್ದೆ. ಒಂದು ಕಾಲೇಜಿನಿಂದ ಮಧ್ಯಾಹ್ನ ಫೋನ್ ಮಾಡಿದಳು, ಪಿಸುಮಾತಿನಲ್ಲಿ.

‘ಅಕ್ಕ, ಇನ್‌ಕ್ಯುಬೇಟರ್ ತೆಗೆಸಿದೆ. ಒಳಗೆ ರೆಕಾರ್ಡ್ ಬುಕ್ ಜೋಡಿಸಿದಾರೆ.’

‘ಬಿಸಿ ಇದೆಯಾ?’

‘ಪ್ಲಗ್ಗೇ ಹಾಕಿಲ್ಲ.’

‘ಬಸ್ ಹತ್ತು,’ ಎಂದೆ.