ವೀ ಸ್ಪೋರ್ಟ್ಸೋ, ಮಾರಿಯೋ ಕಾರ್ಟೋ?

ಟಿವಿಗೆ ಜೋಡಿಸಿ ಆಡುವ ಹಳೆಯ ಗೇಮ್ ಯಂತ್ರ ನಿಂಟೆಂಡೊ ವೀ ಕೈಗೆ ಸಿಕ್ಕಿದೆ, ಮನೆಮಂದಿಯೆಲ್ಲ ಸೇರಿ ಆಡಬೇಕು ಅಂದ್ರೆ ಮುಖ್ಯವಾಗಿ ಎರಡು ಆಟಗಳಿವೆ: 2006ರ ವೀ ಸ್ಪೋರ್ಟ್ಸ್, 2008ರ ಗಾಡಿ ರೇಸಿನ ಆಟ ಮಾರಿಯೋ ಕಾರ್ಟ್ ವೀ.

ಅಜ್ಜಿ ತಾತ ಜೊತೆಗಿದ್ದರೆ ನನ್ನ ಓಟು ವೀ ಸ್ಪೋರ್ಟ್ಸ್‌ಗೆ. ಟೆನ್ನಿಸ್, ಬೇಸ್‌ಬಾಲ್, ಗಾಲ್ಫ್, ಬಾಕ್ಸಿಂಗ್ ಎಲ್ಲ ಇವೆ, ಆದರೆ ಅದರ ಜೀವ ಬೌಲಿಂಗ್. ರಿಮೋಟಿನ ಬಿ ಬಟನ್ ಒತ್ತಿ ಹಿಡಿದು, ಕೈ ಬೀಸಿ, ಬಟನ್ ಬಿಟ್ಟರೆ ಚೆಂಡು ಉರುಳುತ್ತದೆ. ಕೈ ಹಿಂದಕ್ಕೆ ಹೋದಾಗಲೇ ಬಿಟ್ಟರೆ ಪರದೆಯಲ್ಲಿ ಚೆಂಡು ಹಿಂದೆ ನಿಂತ ಗೊಂಬೆಗಳ ಕಡೆ ಹಾರಿ, ಅವೆಲ್ಲ ಬೆಚ್ಚಿ ಎಗರುತ್ತವೆ. ಮಕ್ಕಳು ಬೇಕೂಂತಲೇ ಹೀಗೆ ಮಾಡ್ತಾರೆ! ಒಂದೇ ರಿಮೋಟನ್ನು ಕೈಯಿಂದ ಕೈಗೆ ದಾಟಿಸಿ ನಾಲ್ವರು ಆಡಬಹುದು.

ಮಾರಿಯೋ ಕಾರ್ಟ್‌ಗೆ ತಲೆಗೊಂದು ರಿಮೋಟ್ ಬೇಕು, ಖರ್ಚು ಜಾಸ್ತಿ. ನಾಲ್ವರು ಆಡಿದರೆ ಪರದೆಯೂ ನಾಲ್ಕು ಭಾಗ. ಆದರೆ 32 ಟ್ರ್ಯಾಕ್‌ಗಳಿವೆ, ಬೇಗ ಬೇಜಾರಾಗಲ್ಲ. ಹಿಂದೆ ಬಿದ್ದವರಿಗೇ ಒಳ್ಳೆ ಅಸ್ತ್ರಗಳು ಸಿಗುವುದರಿಂದ ಪುಟ್ಟ ಮಕ್ಕಳಿಗೂ ಗೆಲ್ಲುವ ಆಸೆ ಉಳಿಯುತ್ತದೆ, ಇದು ನನಗೆ ತುಂಬಾ ಇಷ್ಟ.

ಹತ್ತು ದಾಟಿದ ಮಕ್ಕಳಿದ್ದರೆ ಕಾರ್ಟ್ ತಗೊಳ್ಳಿ. ಇಲ್ಲದಿದ್ದರೆ ಬೌಲಿಂಗ್ ಸಾಕು. ರಿಮೋಟಿನ ದಾರವನ್ನು ಮಾತ್ರ ಮಣಿಕಟ್ಟಿಗೆ ಹಾಕಿಸಿ, ಟಿವಿ ಎದುರಿಗೇ ಇರುತ್ತದಲ್ವಾ.