ತೆರೆದ ಸಿಲಿಕಾನ್ ಟ್ಯೂಬಿಗೆ ರಬ್ಬರ್ ಟೋಪಿ: ಎರಡು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆ ಮಂಗಳೂರಿನಲ್ಲಿ. ಜೂನ್ ಬಂತೆಂದರೆ ಎಲ್ಲಾದರೂ ಒಂದು ಕಡೆ ನೀರು ಒಸರುತ್ತದೆ. ಕಿಟಕಿಯ ಅಂಚು, ಸಿಂಕಿನ ಸುತ್ತ, ಬಚ್ಚಲಿನ ಟೈಲ್ಸ್ ಸಂದು. ಅದಕ್ಕೆಂದು ಸಂದು ಮುಚ್ಚುವ ಸಿಲಿಕಾನ್ ಅಂಟಿನ 280 ಮಿ.ಲೀ. ಟ್ಯೂಬ್ ತರುತ್ತೇವೆ. ಕಾಲು ಭಾಗ ಖರ್ಚಾಗುತ್ತದೆ, ಉಳಿದದ್ದು ಶೆಲ್ಫ್ ಸೇರುತ್ತದೆ. ಎರಡು ತಿಂಗಳು ಬಿಟ್ಟು, ಟ್ಯೂಬ್ ಒತ್ತುವ ಗನ್ನಿಗೆ ಹಾಕಿ ಒತ್ತಿದರೆ ಮೂತಿಯಿಂದ ಏನೂ ಬರುವುದಿಲ್ಲ. ಜೋರಾಗಿ ಒತ್ತಿದರೆ ಹಿಂದಿನ ಬಿರಡೆಯ ಪಕ್ಕದಿಂದ ಉಕ್ಕಿ ಕೈಗೆಲ್ಲ ಮೆತ್ತುತ್ತದೆ. ಹೀಗೆ ಒಂದೇ ವರ್ಷದಲ್ಲಿ ನಾಲ್ಕು ಟ್ಯೂಬ್ ಎಸೆದಿದ್ದೆ. ನಾಲ್ಕರಲ್ಲೂ ಅರ್ಧಕ್ಕಿಂತ ಜಾಸ್ತಿ ಮಾಲು ಒಳಗೇ ಇತ್ತು. ಅದು ತುಂಬ ಬೇಸರದ ವಿಷಯ.

ಆಮೇಲೆ ಆನ್‌ಲೈನ್‌ನಲ್ಲಿ ಈ ಟೋಪಿಗಳನ್ನು ತರಿಸಿದೆ. ಒಂದು ಪ್ಯಾಕಿನಲ್ಲಿ ಐದು. ಕೆಂಪು ಬಣ್ಣ, ಮೆತ್ತನೆ ರಬ್ಬರ್, ಹೆಚ್ಚುಕಡಿಮೆ ಕಿರುಬೆರಳಿನಷ್ಟು ಉದ್ದ. ಒಂದು ತುದಿ ತೆರೆದಿರುತ್ತದೆ, ಇನ್ನೊಂದು ಮುಚ್ಚಿರುತ್ತದೆ. ಕೆಲಸ ಮುಗಿದ ಮೇಲೆ ಟ್ಯೂಬಿನ ಮೂತಿಗೆ ಕಾಲುಚೀಲ ಏರಿಸುವ ಹಾಗೆ ಏರಿಸುವುದು. ಅಷ್ಟೇ ಸಾಧನ. ಎರಡು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಸುಮ್ನೆ ಏರಿಸಿ ಇಟ್ಟಿದ್ದೆ. ಒಂದು ತಿಂಗಳಿಗೇ ಮೂತಿ ಕಟ್ಟಿಕೊಂಡಿತು. ತಪ್ಪು ಎಲ್ಲಿ ಅಂತ ಯೋಚಿಸಿದಾಗ ಗೊತ್ತಾಯಿತು. ಸಿಲಿಕಾನ್ ಒಣಗುವುದು ಬಿಸಿಲಿಗಲ್ಲ, ಗಾಳಿಯಲ್ಲಿರುವ ತೇವಕ್ಕೆ. ತೇವ ತಾಗಿದ ಕಡೆ ಹತ್ತಿಪ್ಪತ್ತು ನಿಮಿಷದಲ್ಲಿ ತೆಳ್ಳಗೆ ಪೊರೆ ಕಟ್ಟುತ್ತದೆ. ಆಮೇಲೆ ದಿನಕ್ಕೆ ಎರಡು ಮೂರು ಮಿ.ಮೀ. ಲೆಕ್ಕದಲ್ಲಿ ಒಳಗೆ ಗಟ್ಟಿಯಾಗುತ್ತ ಹೋಗುತ್ತದೆ. ಮುಂದೆ ಗಟ್ಟಿಯಾದ ಭಾಗವೇ ಅಡ್ಡ ನಿಲ್ಲುವುದರಿಂದ ವೇಗ ಕಡಿಮೆಯಾಗುತ್ತದೆ. ನಾನು ಹಾಕಿದ ಟೋಪಿಯೊಳಗೆ ಗಾಳಿ ತುಂಬಿಕೊಂಡಿತ್ತು. ನಮ್ಮ ಊರಿನ ಜುಲೈ ತಿಂಗಳ ಗಾಳಿ ಅಂದರೆ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನ ಒಣಗದ ಗಾಳಿ.

ಈಗ ಟೋಪಿ ಏರಿಸಿದ ಮೇಲೆ ಗನ್ನನ್ನು ನಿಧಾನವಾಗಿ ಒಂದು ಸಲ ಒತ್ತುತ್ತೇನೆ. ಸಿಲಿಕಾನ್ ಟೋಪಿಯ ತುದಿಗೆ ಬಂದು ಅದು ಸ್ವಲ್ಪ ಉಬ್ಬುತ್ತದೆ. ಒಳಗಿನ ಗಾಳಿ ಅಂಚಿನಿಂದ ಪುಸ್ ಅಂತ ಹೊರಗೆ ಹೋಗುತ್ತದೆ. ಕೂಡಲೇ ಗನ್ನಿನ ಹಿಂದಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಅದುಮಿ ಸರಳನ್ನು ಹಿಂದಕ್ಕೆ ಎಳೆಯಬೇಕು. ಇದನ್ನು ಮರೆಯಬೇಡಿ. ಒತ್ತಡ ಹಾಗೇ ಉಳಿದರೆ ರಾತ್ರಿಯಿಡೀ ಮಾಲು ಒಸರಿ ಟೋಪಿಯನ್ನೇ ದೂಡಿಹಾಕುತ್ತದೆ. ಒಮ್ಮೆ ನನ್ನ ಟ್ಯೂಬ್ ಶೆಲ್ಫಿಗೇ ಅಂಟಿಕೊಂಡಿತ್ತು.

ಮುಂದಿನ ಸಲ ಬೇಕಾದಾಗ ಟೋಪಿಯನ್ನು ತಿರುಚುತ್ತಾ ಎಳೆದರೆ, ತುದಿಯಲ್ಲಿ ಗಟ್ಟಿಯಾದ ತುಂಡೂ ಅದರ ಜೊತೆಗೆ ಬರುತ್ತದೆ. ಹಲಸಿನ ತೊಳೆಯಿಂದ ಬೀಜ ಜಾರುವ ಹಾಗೆ. ಹಿಂದೆಯೇ ಹೊಸ ಸಿಲಿಕಾನ್ ಮೆತ್ತಗೆ ಹೊಳೆಯುತ್ತಾ ಬರುತ್ತದೆ. ಅದನ್ನು ನೋಡುವುದೇ ಒಂದು ಖುಷಿ. ಹೀಗೆ ಒಂದು ಬಿಳಿ ಟ್ಯೂಬನ್ನು ಹನ್ನೊಂದು ತಿಂಗಳಲ್ಲಿ ಏಳು ಸಲ ತೆರೆದು ಪೂರ್ತಿ ಮುಗಿಸಿದೆ. ಮೊದಲು ಇದು ಸಾಧ್ಯ ಅಂತಲೇ ಅನಿಸಿರಲಿಲ್ಲ.

ಹಾರ್ಡ್‌ವೇರ್ ಅಂಗಡಿಯವರು ಮಾತ್ರ "ಅದೆಲ್ಲ ಯಾಕೆ ಮಾರಾಯ್ರೆ, ಒಂದು ಮೊಳೆ ಚುಚ್ಚಿಡಿ ಸಾಕು" ಅಂದರು. ಅದನ್ನೂ ಮಾಡಿ ನೋಡಿದೆ. ವಿನೆಗರ್ ವಾಸನೆ ಬರುವ ಸಿಲಿಕಾನ್ ಇದೆಯಲ್ಲ, ಅದು ಒಣಗುವಾಗ ಹುಳಿ ಬಿಡುತ್ತದೆ. ಮೊಳೆಗೆ ತುಕ್ಕು ಹಿಡಿದು ಮುಂದಿನ ಗೆರೆಯ ಮೊದಲ ಮೊಳದಲ್ಲಿ ಕಂದು ಬಣ್ಣ ಬಂತು, ಅದೂ ಬಿಳಿ ಬೇಸಿನ್ ಮೇಲೆ. ಮೊಳೆಗಿಂತ ಸ್ಟೀಲ್ ಸ್ಕ್ರೂ ಎಷ್ಟೋ ವಾಸಿ. ಅದರ ತಿರುಪಿನ ಸುತ್ತುಗಳಿಗೆ ಗಟ್ಟಿಯಾದ ಭಾಗ ಸಿಕ್ಕಿಕೊಂಡು ಇಕ್ಕಳದಿಂದ ಎಳೆದಾಗ ಇಡಿಯಾಗಿ ಬರುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿದ್ದು ಸೆಕೆಗೆ ಜಾರಿತು. ದುಡ್ಡು ಖರ್ಚಿಲ್ಲದ ಒಳ್ಳೆಯ ಉಪಾಯ ಅಂದರೆ, ಮೂತಿಯನ್ನು ತಿರುಗಿಸಿ ಬಿಚ್ಚಿ, ಟ್ಯೂಬಿನ ಬಾಯಿಗೆ ಪ್ಲಾಸ್ಟಿಕ್ ಹಾಳೆಯ ಚೂರು ಇಟ್ಟು ಮತ್ತೆ ತಿರುಗಿಸಿ ಬಿಗಿ ಮಾಡುವುದು. ಮೂತಿ ಕಟ್ಟಿಕೊಂಡರೂ ಟ್ಯೂಬ್ ಉಳಿಯುತ್ತದೆ. ಬೇರೆ ಮೂತಿ ಹಾಕಿದರಾಯಿತು. ನಾನು ಖಾಲಿ ಟ್ಯೂಬುಗಳ ಮೂತಿಗಳನ್ನು ತೆಗೆದಿಟ್ಟುಕೊಳ್ಳುತ್ತೇನೆ. ಒಳಗಿನದು ಪೂರ್ತಿ ಒಣಗಿದ ಮೇಲೆ ಎಳೆದರೆ ಬರುತ್ತದೆ.

ಟೋಪಿ ಸೋತದ್ದು ಪಿಯು, ಅಂದರೆ ಪಾಲಿಯುರೆಥೇನ್ ಸೀಲೆಂಟ್ ಮುಂದೆ. ಅದೂ ಸಂದು ಮುಚ್ಚುವ ಅಂಟೇ. ಟೆರೇಸಿನ ಬಿರುಕಿಗೆ ತಂದಿದ್ದೆ. ಗಾಳಿ ತೆಗೆದು ಸರಿಯಾಗಿಯೇ ಮುಚ್ಚಿದ್ದೆ. ಆದರೂ ಒಂದೂವರೆ ತಿಂಗಳಲ್ಲಿ ಒಳಗಡೆಯೇ ಮಂದವಾಗಿ, ಗನ್ನಿಗೆ ಜಗ್ಗದೇ ಹೋಯಿತು. ಪಿಯು ತರುವುದಾದರೆ ಎಲ್ಲ ಬಿರುಕುಗಳನ್ನೂ ಮೊದಲೇ ಕೆರೆದು ಸಿದ್ಧ ಮಾಡಿಟ್ಟು ಒಂದೇ ದಿನ ಮುಗಿಸಿ. ಅಕ್ರಿಲಿಕ್ ಸೀಲೆಂಟ್‌ಗೆ ಟೋಪಿ ಚೆನ್ನಾಗಿ ಹೊಂದುತ್ತದೆ. ಅದರಲ್ಲಿರುವ ನೀರು ಆರದ ಹಾಗೆ ತಡೆದರೆ ಸಾಕು.

ಇನ್ನೊಂದು ಮಾತು. ಟ್ಯೂಬಿನಿಂದ ಮಾಲು ಸಲೀಸಾಗಿ ಬಂತು ಅಂದ ಮಾತ್ರಕ್ಕೆ ಅದು ಚೆನ್ನಾಗಿದೆ ಅಂತಲ್ಲ. ದಿನಾಂಕ ಮೀರಿದ ಒಂದು ಟ್ಯೂಬ್ ಬೆಣ್ಣೆಯ ಹಾಗೆ ಬಂತು. ಬಚ್ಚಲಿನ ಮೂಲೆಗೆಲ್ಲ ಹಚ್ಚಿದೆ. ಮೂರು ದಿನವಾದರೂ ಬೆರಳಿಗೆ ಅಂಟುತ್ತಲೇ ಇತ್ತು. ಬ್ಲೇಡಿನಲ್ಲಿ ಕೆರೆದು ತೆಗೆಯಲು ಒಂದು ಭಾನುವಾರ ಪೂರ್ತಿ ಬೇಕಾಯಿತು. ಹಳೆಯದರ ಚೂರು ಉಳಿದರೆ ಅದರ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ, ಹಾಗಾಗಿ ಪೂರ್ತಿ ತೆಗೆಯಲೇಬೇಕು. ಈಗ ಯಾವ ಹಳೆಯ ಟ್ಯೂಬ್ ಆದರೂ ಮೊದಲು ಒಡೆದ ಟೈಲ್ಸ್ ಚೂರಿನ ಮೇಲೆ ಒಂದು ಬಟ್ಟು ಹಾಕುತ್ತೇನೆ. ಒಂದು ಗಂಟೆಯಲ್ಲಿ ಪೊರೆ ಕಟ್ಟದಿದ್ದರೆ ಕಸಕ್ಕೆ.

ಬೇರೆ ಅಂಟುಗಳಿಗೆ ಈ ಟೋಪಿ ಬೇಡ. ಅರಾಲ್ಡೈಟ್‌ನ ಎರಡು ಟ್ಯೂಬುಗಳು ಬೆರೆತರೆ ಮಾತ್ರ ಗಟ್ಟಿಯಾಗುವುದು, ಮುಚ್ಚಳ ಅದಲುಬದಲಾಗದಿದ್ದರೆ ಸಾಕು. ಫೆವಿಕ್ವಿಕ್ ಕೂಡ ತೇವಕ್ಕೇ ಗಟ್ಟಿಯಾಗುವ ಜಾತಿ. ತೆರೆದ ಮೇಲೆ ಅದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನಿಲ್ಲಿಸಿ, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಡುತ್ತೇನೆ. ಫ್ರಿಜ್ಜಿನಲ್ಲಿ ಇಡುವವರು ಹೊರಗೆ ತೆಗೆದ ಕೂಡಲೇ ಮುಚ್ಚಳ ಬಿಚ್ಚಬೇಡಿ. ತಣ್ಣಗಿನ ಟ್ಯೂಬಿಗೆ ಹನಿ ಕಟ್ಟುತ್ತದೆ, ಆ ಹನಿಯೇ ಅಂಟನ್ನು ಕೆಡಿಸುತ್ತದೆ.

ಐದು ಟೋಪಿಗಳಲ್ಲಿ ಮೂರು ಈಗಲೂ ಚೆನ್ನಾಗಿವೆ. ಒಂದು ಕಳೆದುಹೋಯಿತು. ಇನ್ನೊಂದು, ಒಳಗೆ ಉಳಿದದ್ದನ್ನು ಚಾಕುವಿನಿಂದ ಕೀಳಲು ಹೋಗಿ ಸೀಳಿತು. ಚಾಕು ಬೇಡವೇ ಬೇಡ, ಟೋಪಿಯನ್ನು ಒಳಹೊರಗು ಮಾಡಿ ಉಜ್ಜಿದರೆ ಅದೇ ಬಿಟ್ಟುಕೊಳ್ಳುತ್ತದೆ. ಮೂತಿಯನ್ನು ತೀರಾ ಬುಡಕ್ಕೆ ಕತ್ತರಿಸಿದ್ದರೆ ಟೋಪಿಗೆ ಹಿಡಿತ ಸಿಗುವುದಿಲ್ಲ. ಹಾಗಾಗಿ ಹೊಸ ಟ್ಯೂಬನ್ನು ತುದಿಯಲ್ಲೇ, ಸಣ್ಣ ತೂತು ಬರುವಷ್ಟು ಮಾತ್ರ, ಓರೆಯಾಗಿ ಕೊಯ್ಯಿರಿ. ಐದಕ್ಕೆ ಕೊಟ್ಟ ದುಡ್ಡು ಮೊದಲ ಮಳೆಗಾಲದಲ್ಲೇ ವಸೂಲಾಯಿತು. ಮನೆಯ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳುವವರು ಧೈರ್ಯವಾಗಿ ತಗೊಳ್ಳಬಹುದು. ನಮ್ಮ ಶೆಲ್ಫಿನಲ್ಲಿ ಈಗ ಎರಡು ಟ್ಯೂಬ್ ನಿಂತಿವೆ, ಒಂದು ಬಿಳಿ, ಒಂದು ಪಾರದರ್ಶಕ. ಎರಡರ ಮೇಲೂ ತೆರೆದ ದಿನವನ್ನು ಮಾರ್ಕರಿನಲ್ಲಿ ಬರೆದಿದ್ದೇನೆ. ಬಿಳಿಯದು ಏಪ್ರಿಲ್‌ನದ್ದು, ಇನ್ನೂ ಅರ್ಧ ಇದೆ.