ಟಿಪಿಎಸ್22918: ತೊಟ್ಟಿ ನೋಡುವ ಡಬ್ಬಕ್ಕೆ ಹಾಕಿ ಎಂಟು ತಿಂಗಳು

ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟ. ಅಲ್ಲಿನ ನೀರಿನ ತೊಟ್ಟಿ ಎಷ್ಟು ತುಂಬಿದೆ ಅಂತ ಮನೆಗೆ ತಿಳಿಸುವ ಒಂದು ಡಬ್ಬ ಮಾಡಿದ್ದೇನೆ. ಒಳಗೆ ಇಎಸ್‌ಪಿ32 (ಡಬ್ಬದ ಮಿದುಳಾದ ಪುಟ್ಟ ಕಂಪ್ಯೂಟರ್ ಚಿಪ್), ದೂರಕ್ಕೆ ರೇಡಿಯೋದಲ್ಲಿ ಕಳಿಸುವ ಲೋರಾ ಬೋರ್ಡ್, ಒಂದು ಲಿಥಿಯಂ ಸೆಲ್. ಅರ್ಧ ಗಂಟೆಗೊಮ್ಮೆ ಎದ್ದು, ಲೋರಾ ಬೋರ್ಡಿಗೆ ಕರೆಂಟ್ ಕೊಟ್ಟು, ಅಳತೆ ಕಳಿಸಿ ಮಲಗಬೇಕು. ಇಷ್ಟೇ ಕೆಲಸ. ಆದರೂ ವಾರಕ್ಕೊಮ್ಮೆ ಅಪ್ಪನ ಫೋನ್: "ಲೇ, ನಿನ್ನ ಡಬ್ಬ ಮತ್ತೆ ಸತ್ತೈತೆ."

ಲೋರಾ ಬೋರ್ಡಿನ ಕರೆಂಟ್ ಆನ್-ಆಫ್ ಮಾಡಲು ಮೊದಲು ಹಾಕಿದ್ದು ಎಒ3401, ಪಿ-ಚಾನೆಲ್ ಮಾಸ್‌ಫೆಟ್, ಅಂದರೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೇಳಿದ ತಕ್ಷಣ ಸಿಗುತ್ತದೆ. ಅದನ್ನು ಆನ್-ಆಫ್ ಮಾಡುವ ಕಾಲನ್ನು, ಅಂದರೆ ಗೇಟನ್ನು, ನೇರ ಇಎಸ್‌ಪಿ32 ಪಿನ್ನಿಗೆ ಕೊಟ್ಟಿದ್ದೆ. ಅದು ಆಫ್ ಆಗಬೇಕಾದರೆ ಗೇಟಿನ ವೋಲ್ಟೇಜ್ ಸೆಲ್ಲಿನ ವೋಲ್ಟೇಜಿನ ಹತ್ತಿರಕ್ಕೆ ಏರಬೇಕು. ತಪ್ಪು ನನ್ನದೇ. ತುಂಬಿದ ಸೆಲ್ 4.2 ವೋಲ್ಟ್, ಪಿನ್ ಕೊಡುವುದು 3.3. ಉಳಿಯುವ 0.9 ವೋಲ್ಟ್ ಸಾಕು, ಮಾಸ್‌ಫೆಟ್ ಪೂರ್ತಿ ಆಫ್ ಆಗುವುದೇ ಇಲ್ಲ. ನಾನು ಮನೆಯಲ್ಲಿ ಅರ್ಧ ಇಳಿದ ಸೆಲ್ ಇಟ್ಟು ನೋಡಿದ್ದೆ, ಆಗ ಎಲ್ಲ ಸರಿಯಾಗಿತ್ತು. ಫುಲ್ ಚಾರ್ಜ್ ಮಾಡಿ ತೋಟಕ್ಕೆ ಒಯ್ದಾಗಲೇ ರಗಳೆ!

ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿ ಅದನ್ನು ಸರಿ ಮಾಡಬಹುದಿತ್ತು. ಆದರೆ ಲೋರಾ ಬೋರ್ಡಿನ ಮೇಲೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂತಿದೆ. ಸ್ವಿಚ್ ಪಟ್ ಅಂತ ಆನ್ ಆದರೆ ಅದು ಒಂದೇ ಗುಟುಕಿಗೆ ಕರೆಂಟ್ ಎಳೆಯುತ್ತದೆ. ಸೆಲ್ಲಿನ ವೋಲ್ಟೇಜ್ ಕುಸಿದು ಇಎಸ್‌ಪಿ32 ರೀಸೆಟ್ ಆಗುತ್ತದೆ. ಮತ್ತೆ ಏಳುತ್ತದೆ, ಮತ್ತೆ ಅದೇ ಕಥೆ.

ಆಗ ತರಿಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್22918, ಇದೇ ಕೆಲಸಕ್ಕೆಂದು ಮಾಡಿದ ಲೋಡ್ ಸ್ವಿಚ್ ಚಿಪ್. 1ರಿಂದ 5.5 ವೋಲ್ಟ್, 2 ಆಂಪ್ ತನಕ. ಇದನ್ನು ಆನ್-ಆಫ್ ಮಾಡುವ 'ಆನ್' ಪಿನ್ನಿಗೆ 3.3 ವೋಲ್ಟ್ ಧಾರಾಳ ಸಾಕು, ಸೆಲ್ 4.2 ಇದ್ದರೂ ತಕರಾರಿಲ್ಲ. ಒಳಗಿನ ತಡೆ ಸುಮಾರು 52 ಮಿಲಿಓಮ್. ನನ್ನ ಲೋರಾ ಎಳೆಯುವ 120 ಮಿಲಿಆಂಪ್‌ಗೆ ಆರು ಮಿಲಿವೋಲ್ಟ್ ಹೋಗುತ್ತದೆ, ಲೆಕ್ಕಕ್ಕೇ ಇಲ್ಲ. ನನಗೆ ಖುಷಿ ಕೊಟ್ಟಿದ್ದು ಸಿಟಿ ಅನ್ನುವ ಪಿನ್. ಅದಕ್ಕೊಂದು ಸಣ್ಣ ಕೆಪಾಸಿಟರ್ ಹಾಕಿದರೆ ಕರೆಂಟನ್ನು ನಿಧಾನವಾಗಿ ಬಿಡುತ್ತದೆ, ನಲ್ಲಿ ತಿರುಗಿಸಿದ ಹಾಗೆ. ರೀಸೆಟ್ ಅವತ್ತೇ ನಿಂತಿತು.

ಚಿಪ್ಪಿನ ಆಕಾರ ಆರು ಕಾಲಿನ ಎಸ್‌ಒಟಿ-23, ಕೈಯಲ್ಲೇ ಬೆಸುಗೆ ಹಾಕಬಹುದು. ಹೊಟ್ಟೆಯಡಿ ಉಂಡೆಗಳಿರುವ ಚಿಪ್‌ಗಳ ತಂಟೆಗೆ ಹೋಗಬೇಡಿ. ನನ್ನ ಕನ್ನಡಕಕ್ಕಂತೂ ಅದು ಆಗದ ಕೆಲಸ. ಆನ್ ಪಿನ್ನನ್ನು ತೇಲಲು ಬಿಡಬೇಡಿ, 100 ಕಿಲೋಓಮ್ ರೆಸಿಸ್ಟರ್ ಒಂದನ್ನು ಅಲ್ಲಿಂದ ಗ್ರೌಂಡಿಗೆ ಕಟ್ಟಿ. ಇಎಸ್‌ಪಿ32 ಏಳುವಾಗ ಅದರ ಪಿನ್ ಸ್ವಲ್ಪ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲ.

ಒಂದು ಕೊರತೆ ಇದೆ: ಔಟ್‌ಪುಟ್ ಕಡೆಯಿಂದ ಹಿಂದಕ್ಕೆ ನುಗ್ಗುವ ಕರೆಂಟನ್ನು ಇದು ತಡೆಯುವುದಿಲ್ಲ. ನನ್ನ ಕೇಸಿನಲ್ಲಿ ಬೇರೆ ತಮಾಷೆ ಆಯಿತು. ಸ್ವಿಚ್ ಆಫ್ ಆದಮೇಲೂ ಲೋರಾ ಬೋರ್ಡಿನ ಎಲ್‌ಇಡಿ ಮಂಕಾಗಿ ಉರಿಯುತ್ತಿತ್ತು. ಚಿಪ್ಪೇ ಕೆಟ್ಟಿದೆ ಅಂದುಕೊಂಡು ಎರಡು ಬದಲಾಯಿಸಿದೆ. ಕೊನೆಗೆ ನೋಡಿದರೆ ಇಎಸ್‌ಪಿ32ಯಿಂದ ಲೋರಾ ಬೋರ್ಡಿಗೆ ಮಾಹಿತಿ ಕಳಿಸುವ ಸೀರಿಯಲ್ ಟಿಎಕ್ಸ್ ವೈರು! ಸುಮ್ನೆ ಇದ್ದಾಗಲೂ ಅದರಲ್ಲಿ 3.3 ವೋಲ್ಟ್ ಇದ್ದೇ ಇರುತ್ತದೆ ಅಲ್ವಾ, ಅಲ್ಲಿಂದಲೇ ಬೋರ್ಡ್ ಕರೆಂಟ್ ಕುಡಿಯುತ್ತಿತ್ತು. ಮಲಗುವ ಮುಂಚೆ ಟಿಎಕ್ಸ್ ಪಿನ್ನನ್ನು ಲೋ (ಸೊನ್ನೆ ವೋಲ್ಟ್) ಮಾಡುವ ಒಂದು ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದೆ. ಎಲ್‌ಇಡಿ ಆರಿತು.

ಮಾಸ್‌ಫೆಟ್‌ಗಿಂತ ಬೆಲೆ ಜಾಸ್ತಿಯೇ. ನಾನು ವಿಚಾರಿಸಿದ ಅಂಗಡಿಗಳಲ್ಲಿ ಸಿಗದೆ ಆನ್‌ಲೈನ್ ತರಿಸಿದೆ, ಒಂದಕ್ಕಿಂತ ಹತ್ತು ತರಿಸಿದರೆ ಕೊರಿಯರ್ ಖರ್ಚು ಹೊಟ್ಟೆ ಉರಿಸುವುದಿಲ್ಲ. ಅಪ್ಪ ಈಗಲೂ ಫೋನ್ ಮಾಡುತ್ತಾರೆ. ಪಕ್ಕದ ತೋಟದವರಿಗೂ ಒಂದು ಡಬ್ಬ ಬೇಕಂತೆ.